ಗುಟ್ಟು ಬಯಲಾದರೆ ಕಲೆ ಕೆಡುವುದೇ? – ಇಂದ್ರಜಾಲ ವಿದ್ಯೆಯನ್ನು ಕುರಿತು ಒಂದು ವಿಮರ್ಶೆ

ಇಂದ್ರಜಾಲ, ಯಕ್ಷಿಣಿ, ಗಾರುಡಿ, ಕೈಚಳಕ, ಕಣ್ಕಟ್ಟು, ಜಾದೂ – ಒಂದೇ ವಿದ್ಯೆಗೆ ಕನ್ನಡದಲ್ಲಿ ಇಷ್ಟೊಂದು ಹೆಸರುಗಳಿವೆ. ಇವುಗಳಲ್ಲಿ ‘ಕಣ್ಕಟ್ಟು’ ಎಂಬ ಮಾತು ವಿಚಾರಕ್ಕೆ ಹೆಚ್ಚು ಎಡೆಕೊಡುತ್ತದೆ. ಕಣ್ಣು ಕಟ್ಟುವವನು ಒಬ್ಬನಿದ್ದರೆ, ಕಟ್ಟಿಸಿಕೊಳ್ಳಲು ಒಪ್ಪಿ ಕುಳಿತವನು ಮತ್ತೊಬ್ಬನಿರಲೇಬೇಕು. ಟಿಕೆಟು ಕೊಂಡು ಸಭಾಂಗಣ ಹೊಕ್ಕವನಿಗೆ, ತಾನು ಕಾಣಲಿರುವುದು ನಿಜವಲ್ಲವೆಂದು ಮೊದಲೇ ಗೊತ್ತು. ಜಾದೂಗಾರನಿಗೂ ಅದು ಗೊತ್ತು. ಇಬ್ಬರ ನಡುವೆ ಬರವಣಿಗೆಯಿಲ್ಲದ ಒಂದು ಕರಾರು ಏರ್ಪಡುತ್ತದೆ: ಎರಡು ಗಂಟೆಗಳ ಕಾಲ ಒಬ್ಬನು ಬೆರಗುಗೊಳಿಸಬೇಕು, ಇನ್ನೊಬ್ಬನು ಬೆರಗಾಗಬೇಕು.

ಈಚಿನ ವರ್ಷಗಳಲ್ಲಿ ಈ ಕರಾರಿಗೆ ಹೊಸ ಬಗೆಯ ಭಂಗ ಬಂದಿದೆ. ರಂಗದ ಮೇಲೆ ನಡೆದುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ನಿಧಾನಗತಿಯಲ್ಲಿ ಮರಳಿ ಮರಳಿ ಓಡಿಸಿ, ಕೈ ಎಲ್ಲಿ ತಿರುಗಿತು, ನಾಣ್ಯ ಎಲ್ಲಿ ಅಡಗಿತು ಎಂಬುದನ್ನು ಬಿಡಿಸಿ ಅಂತರ್ಜಾಲದಲ್ಲಿ ಹರಿಯಬಿಡುವ ಪರಿಪಾಠ ಬೆಳೆದಿದೆ. ಜಾದೂಗಾರರು ಇದನ್ನು ಕಲೆಯ ಕೊಲೆ ಎನ್ನುತ್ತಾರೆ. ಗುಟ್ಟೇ ತಮ್ಮ ಬಂಡವಾಳ, ಬಂಡವಾಳ ಬೀದಿಗೆ ಬಿದ್ದ ಮೇಲೆ ವ್ಯಾಪಾರವೆಲ್ಲಿಯದು ಎಂಬುದು ಅವರ ಪ್ರಶ್ನೆ. ಬಯಲು ಮಾಡುವವರ ಬಳಿಯೂ ಉತ್ತರವಿದೆ. ತಿಳಿವಳಿಕೆ ಯಾರೊಬ್ಬರ ಆಸ್ತಿಯೂ ಅಲ್ಲ. ಹಳೆಯ ಗುಟ್ಟು ಹೊರಬಿದ್ದರೆ ಹೊಸದನ್ನು ಹುಡುಕುವ ಅನಿವಾರ್ಯ ಒದಗುತ್ತದೆ. ಜನರ ಮೌಢ್ಯವೂ ಅಳಿಯುತ್ತದೆ ಎಂದು ಅವರು ಹೇಳುತ್ತಾರೆ.

ಅನೇಕಾಂತದ ಅಭ್ಯಾಸವುಳ್ಳ ಓದುಗರಿಗೆ ಎರಡು ಪಕ್ಷಗಳಲ್ಲಿಯೂ ಒಂದೊಂದು ನಯದಿಂದ ಸತ್ಯಾಂಶವಿರುವುದು ಹೊಳೆಯದಿರದು. ಆದರೆ ‘ಎರಡೂ ನಿಜ’ ಎಂದು ಹೇಳಿ ಕೈತೊಳೆದುಕೊಂಡರೆ ಅದು ವಿಮರ್ಶೆಯೆನಿಸದು. ಯಾವುದು ಎಲ್ಲಿ ನಿಜ, ಎಷ್ಟರಮಟ್ಟಿಗೆ ನಿಜ ಎಂಬುದನ್ನು ತೂಗಿ ನೋಡಬೇಕು. ಅದಕ್ಕೆ ಈ ವಿದ್ಯೆಯ ಚರಿತ್ರೆಯಲ್ಲಿಯೇ ಸಾಕಷ್ಟು ಸಾಮಗ್ರಿ ದೊರೆಯುತ್ತದೆ.

ಗರಗಸದ ಕಥೆ

1921ರ ಜನವರಿ 17ರಂದು ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಎಂಪೈರ್ ರಂಗಮಂದಿರದಲ್ಲಿ ಪಿ. ಟಿ. ಸೆಲ್ಬಿಟ್ ಎಂಬ ಜಾದೂಗಾರನು ಮರದ ಪೆಟ್ಟಿಗೆಯೊಳಗೆ ಮಹಿಳೆಯೊಬ್ಬಳನ್ನು ಮಲಗಿಸಿ, ಪೆಟ್ಟಿಗೆಯನ್ನು ನಡುವೆ ಗರಗಸದಿಂದ ಕೊಯ್ದು, ಅನಂತರ ಆಕೆಯನ್ನು ಸುರಕ್ಷಿತವಾಗಿ ಎಬ್ಬಿಸಿ ತೋರಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಇಷ್ಟು ಪ್ರಸಿದ್ಧಿ ಪಡೆದ ರಂಗಚಮತ್ಕಾರ ಬೇರೊಂದಿಲ್ಲವೆಂದರೂ ಸಲ್ಲುತ್ತದೆ. ಅದೇ ವರ್ಷ ಅಮೆರಿಕದಲ್ಲಿ ಹೊರೇಸ್ ಗೋಲ್ಡಿನ್ ತನ್ನದೇ ಆದ ರೂಪವೊಂದನ್ನು ಪ್ರದರ್ಶನಕ್ಕೆ ತಂದನು. ಅನುಕರಣ ಮಾಡುವವರ ಕಾಟಕ್ಕೆ ಬೇಸತ್ತು ಅವನು ಕಾನೂನಿನ ಆಶ್ರಯ ಬಯಸಿದನು. 1923ರಲ್ಲಿ ಅವನ ಹೆಸರಿಗೆ ಪೇಟೆಂಟು ದೊರೆಯಿತು.

ಪೇಟೆಂಟಿನ ಸ್ವಭಾವವನ್ನು ವ್ಯಾಪಾರಸ್ಥರು ಬಲ್ಲರು. ಸರ್ಕಾರವು ಕೆಲವು ವರ್ಷಗಳ ಏಕಸ್ವಾಮ್ಯ ಕೊಡುತ್ತದೆ; ಅದಕ್ಕೆ ಪ್ರತಿಯಾಗಿ ತನ್ನ ವಸ್ತು ಹೇಗೆ ಕೆಲಸ ಮಾಡುತ್ತದೆಂಬುದನ್ನು ಸಂಶೋಧಕನು ಚಿತ್ರಸಹಿತವಾಗಿ ಬರೆದುಕೊಡಬೇಕು, ಅದನ್ನು ಯಾರು ಬೇಕಾದರೂ ತರಿಸಿ ಓದಬಹುದು. ಗುಟ್ಟನ್ನು ಕಾಯಲೆಂದು ಹೋದ ಗೋಲ್ಡಿನ್, ಗುಟ್ಟನ್ನು ಸರ್ಕಾರಿ ಕಡತದಲ್ಲಿ ಅಚ್ಚುಹಾಕಿಸಿದಂತಾಯಿತು. 1933ರಲ್ಲಿ ಅಮೆರಿಕದ ಕ್ಯಾಮೆಲ್ ಸಿಗರೇಟಿನ ಜಾಹೀರಾತುಗಳು ಒಂದೊಂದು ಜಾದೂ ಚಮತ್ಕಾರದ ರಹಸ್ಯವನ್ನು ಬಿಡಿಸಿ ಹೇಳತೊಡಗಿದವು. ಅವುಗಳಲ್ಲಿ ಗರಗಸದ ಚಮತ್ಕಾರವೂ ಸೇರಿತ್ತು. ಗೋಲ್ಡಿನ್ ನ್ಯಾಯಾಲಯಕ್ಕೆ ಹೋದನು. ಪೇಟೆಂಟಿನ ಮೂಲಕ ಈಗಾಗಲೇ ಬಹಿರಂಗವಾದ ವಿಷಯವನ್ನು ರಹಸ್ಯವೆಂದು ಹೇಳಲಾಗದು ಎಂಬ ನೆಲೆಯಲ್ಲಿ 1938ರಲ್ಲಿ ಅವನ ದಾವೆ ವಜಾ ಆಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ, ‘ಗುಟ್ಟು ರಟ್ಟಾಯಿತು, ಚಮತ್ಕಾರ ಸತ್ತಿತು’ ಎಂದು ತೀರ್ಪು ಬರೆಯಬಹುದಿತ್ತು. ಆದರೆ ಆಗಿದ್ದೇ ಬೇರೆ. ಗೋಲ್ಡಿನ್ ಪೆಟ್ಟಿಗೆಯನ್ನೇ ಕೈಬಿಟ್ಟು, ಎಲ್ಲರ ಕಣ್ಣೆದುರಿಗೆ ಮಲಗಿದ ವ್ಯಕ್ತಿಯ ಮೇಲೆ ತಿರುಗುವ ಚಕ್ರಗರಗಸ ಹರಿಯುವಂಥ ರೂಪವನ್ನು ಬಳಕೆಗೆ ತಂದಿದ್ದನು. 1956ರ ಏಪ್ರಿಲ್ 9ರಂದು ಬಿ.ಬಿ.ಸಿ. ದೂರದರ್ಶನದ ‘ಪನೊರಾಮಾ’ ಕಾರ್ಯಕ್ರಮದಲ್ಲಿ ಬಂಗಾಳದ ಪಿ. ಸಿ. ಸರ್ಕಾರ್ ಚಕ್ರಗರಗಸದ ಚಮತ್ಕಾರವನ್ನೇ ತೋರಿಸಿದರು. ಗರಗಸ ಹರಿದ ಮೇಲೆ ಅವರು ಸಹಾಯಕಿಯ ಕೈಯನ್ನು ಉಜ್ಜಿ ಎಚ್ಚರಿಸಲು ನೋಡಿದರು, ಆಕೆ ಅಲುಗಲಿಲ್ಲ. ಅವರು ತಲೆಯಾಡಿಸಿ ಆಕೆಯ ಮುಖಕ್ಕೆ ಬಟ್ಟೆ ಹೊದಿಸಿದರು. ನಿರೂಪಕ ರಿಚರ್ಡ್ ಡಿಂಬಲ್‌ಬಿ ಮುಂದೆ ಬಂದು ಕಾರ್ಯಕ್ರಮ ಮುಗಿಯಿತೆಂದು ಹೇಳಿಬಿಟ್ಟರು. ಕೊಲೆಯೇ ನಡೆದುಹೋಯಿತೆಂದು ಗಾಬರಿಗೊಂಡ ವೀಕ್ಷಕರ ಕರೆಗಳಿಂದ ಬಿ.ಬಿ.ಸಿ.ಯ ದೂರವಾಣಿಗಳು ತುಂಬಿಹೋದವು. ಆಕೆ ಕ್ಷೇಮವಾಗಿದ್ದಳು. ಮರುದಿನ ಸರ್ಕಾರ್ ಅವರ ಹೆಸರು ಪತ್ರಿಕೆಗಳ ಮುಖಪುಟದಲ್ಲಿತ್ತು.

ಮೂವತ್ತೈದು ವರ್ಷಗಳಿಂದ ಎಲ್ಲರೂ ಬಲ್ಲ, ಪೇಟೆಂಟಿನಲ್ಲಿ ಅಚ್ಚಾದ, ಸಿಗರೇಟಿನ ಜಾಹೀರಾತಿನಲ್ಲಿ ಬಿಕರಿಯಾದ ಚಮತ್ಕಾರದ ಸಂತತಿಯೊಂದು ದೇಶವನ್ನೇ ನಡುಗಿಸಿತು. ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಉಪಾಯವು ಕಲೆಯ ಒಂದು ಅಂಗವೇ ಹೊರತು ಇಡೀ ಕಲೆಯಲ್ಲ. ಸರ್ಕಾರ್ ಅವರು ತಲೆಯಾಡಿಸಿದ ಆ ಒಂದು ಕ್ಷಣ ಯಾವ ಪೇಟೆಂಟಿನಲ್ಲಿಯೂ ಇರಲಿಲ್ಲ. ಆದ್ದರಿಂದ ‘ಗುಟ್ಟು ಬಯಲಾದರೆ ಕಲೆಯೇ ನಾಶವಾಗುತ್ತದೆ’ ಎಂಬ ಜಾದೂಗಾರರ ಮಾತು ಚರಿತ್ರೆಯ ತಕ್ಕಡಿಯಲ್ಲಿ ನಿಲ್ಲುವುದಿಲ್ಲ. ಆದರೆ ಕಲೆ ಉಳಿಯಿತು ಎಂದಮಾತ್ರಕ್ಕೆ ಕಲಾವಿದನಿಗೆ ಹಾನಿಯಾಗಲಿಲ್ಲ ಎಂದಾಗುವುದಿಲ್ಲ. ಸೋತ ದಾವೆಯ ನಷ್ಟ ಗೋಲ್ಡಿನ್ ಒಬ್ಬನದೇ ಆಗಿತ್ತು.

ಬಯಲು ಮಾಡಿದವರೆಲ್ಲರೂ ಒಂದೇ ಅಲ್ಲ

ಗುಟ್ಟು ಬಿಚ್ಚಿದವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಈ ಚರ್ಚೆಯ ದೊಡ್ಡ ದೋಷ. ಕಲಬೆರಕೆಯ ಗುಟ್ಟನ್ನು ಪೇಟೆಯಲ್ಲಿ ಸಾರುವವನೂ ನೆರೆಯ ಅಂಗಡಿಯವನ ಹದಪಾಕದ ಗುಟ್ಟನ್ನು ಸಾರುವವನೂ ಮೇಲ್ನೋಟಕ್ಕೆ ಒಂದೇ ಕೆಲಸ ಮಾಡುತ್ತಿರುತ್ತಾರೆ. ಫಲ ಮಾತ್ರ ಒಂದೇ ಆಗಿರುವುದಿಲ್ಲ.

1584ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ರೆಜಿನಾಲ್ಡ್ ಸ್ಕಾಟ್ ‘ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’ ಎಂಬ ಗ್ರಂಥ ಪ್ರಕಟಿಸಿದನು. ಮಾಟಗಾತಿಯರೆಂಬ ಆರೋಪದ ಮೇಲೆ ಬಡ, ವೃದ್ಧ ಸ್ತ್ರೀಯರನ್ನು ಗಲ್ಲಿಗೇರಿಸುತ್ತಿದ್ದ ಕಾಲವದು. ಜನರು ಅಲೌಕಿಕವೆಂದು ನಂಬಿದ ಎಷ್ಟೋ ಸಂಗತಿಗಳು ಮನುಷ್ಯನ ಕೈಚಳಕದಿಂದ ಸಾಧ್ಯವೆಂದು ತೋರಿಸಲು ಸ್ಕಾಟ್ ನಾಣ್ಯ, ಚೆಂಡು, ಎಲೆಗಳ ಆಟಗಳಿಂದ ಹಿಡಿದು ಕಡಿದ ತಲೆಯನ್ನು ತಟ್ಟೆಯ ಮೇಲಿಟ್ಟು ತೋರಿಸುವ ಆಟದವರೆಗೆ ಹಲವನ್ನು ಬಿಡಿಸಿ ವಿವರಿಸಿದನು. ಇಂಗ್ಲಿಷಿನಲ್ಲಿ ಈ ವಿದ್ಯೆಯನ್ನು ವಿವರಿಸಿದ ಅತಿ ಹಳೆಯ ಗ್ರಂಥಗಳಲ್ಲಿ ಇದು ಒಂದು. ಇಲ್ಲಿ ಗುಟ್ಟಿನ ಬಯಲು ಜೀವದಯೆಯ ಕಾರ್ಯವಾಗಿತ್ತು.

ಇನ್ನೊಂದು ಬಗೆ ಶಿಕ್ಷಣದ್ದು. ಗಡಿಯಾರ ತಯಾರಿಕೆಯಲ್ಲಿ ಪಳಗಿ ಜಾದೂಗಾರನಾದ ಫ್ರಾನ್ಸಿನ ರಾಬರ್ಟ್ ಹೂಡಿನ್ 1868ರಲ್ಲಿ ತನ್ನ ವಿದ್ಯೆಯ ರಹಸ್ಯಗಳನ್ನು ಕುರಿತು ಗ್ರಂಥ ಬರೆದನು. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿದ್ದ ಏಂಜೆಲೊ ಲೂಯಿಸ್, ‘ಪ್ರೊಫೆಸರ್ ಹಾಫ್‌ಮನ್’ ಎಂಬ ಹೆಸರಿನಲ್ಲಿ 1876ರಲ್ಲಿ ‘ಮಾಡರ್ನ್ ಮ್ಯಾಜಿಕ್’ ಪ್ರಕಟಿಸಿದನು. ವೃತ್ತಿಪರರ ಗುಟ್ಟುಗಳೆಲ್ಲ ಪುಸ್ತಕದಂಗಡಿ ಸೇರಿದವೆಂದು ಆಗಲೂ ಗೊಣಗಿದವರಿದ್ದರು. ಆದರೆ ಅದಾದ ಮುಂದಿನ ಐವತ್ತು ವರ್ಷಗಳನ್ನೇ ಪಾಶ್ಚಾತ್ಯ ಇಂದ್ರಜಾಲದ ಸುವರ್ಣಯುಗವೆಂದು ಚರಿತ್ರಕಾರರು ಕರೆಯುತ್ತಾರೆ. ಸ್ವತಃ ಸರ್ಕಾರ್ ಅವರೂ ಈ ವಿದ್ಯೆಯನ್ನು ಕುರಿತು ಹಲವು ಪುಸ್ತಕಗಳನ್ನು ಬರೆದವರೇ. ಪುಸ್ತಕದ ಒಂದು ಗುಣವನ್ನು ಗಮನಿಸಬೇಕು: ಅದನ್ನು ಕೊಂಡು, ಓದಿ, ಕನ್ನಡಿಯ ಮುಂದೆ ತಿಂಗಳುಗಟ್ಟಲೆ ಅಭ್ಯಾಸ ಮಾಡುವವನಿಗೆ ಮಾತ್ರ ಅದು ಫಲ ಕೊಡುತ್ತದೆ. ಅಲ್ಲಿ ಗುಟ್ಟಿಗೆ ಬೆಲೆಯಾಗಿ ಶ್ರಮ ಸಂದಾಯವಾಗುತ್ತದೆ.

ಮೂರನೆಯ ಬಗೆ ಲಾಭದ್ದು. ಸಿಗರೇಟು ಮಾರಲು ಗೋಲ್ಡಿನ್‌ನ ಗುಟ್ಟನ್ನು ಬಳಸಿದವರಿಗೆ ಮೌಢ್ಯ ನಿವಾರಣೆಯೂ ಬೇಕಿರಲಿಲ್ಲ, ಯಾರಿಗೂ ವಿದ್ಯೆ ಕಲಿಸುವುದೂ ಬೇಕಿರಲಿಲ್ಲ. 1997 ಮತ್ತು 1998ರಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯು ಮುಖವಾಡ ಧರಿಸಿದ ಜಾದೂಗಾರನೊಬ್ಬನಿಂದ ರಂಗದ ದೊಡ್ಡ ಚಮತ್ಕಾರಗಳನ್ನು ಮಾಡಿಸಿ, ಒಡನೆಯೇ ಅವುಗಳ ಗುಟ್ಟು ಬಿಚ್ಚಿಸುವ ಕಾರ್ಯಕ್ರಮಗಳನ್ನು ಪ್ರಸಾರ ಮಾಡಿತು. 1998ರಲ್ಲಿ ಮುಖವಾಡ ತೆಗೆದ ವ್ಯಾಲ್ ವ್ಯಾಲೆಂಟಿನೊ, ಮಕ್ಕಳಲ್ಲಿ ಆಸಕ್ತಿ ಹುಟ್ಟಿಸುವುದೂ ಹೊಸದನ್ನು ಸೃಷ್ಟಿಸುವಂತೆ ಕಲಾವಿದರನ್ನು ಪ್ರೇರಿಸುವುದೂ ತನ್ನ ಉದ್ದೇಶವೆಂದು ಸಮರ್ಥಿಸಿಕೊಂಡನು. ಉದ್ದೇಶವನ್ನು ಸಂಶಯಿಸುವ ಅಗತ್ಯವಿಲ್ಲ. ಕೃತಿಯನ್ನೇ ನೋಡಿದರೆ ಸಾಕು. ಅದರಲ್ಲಿ ಚಮತ್ಕಾರವು ಗುಟ್ಟಿಗೆ ಪೀಠಿಕೆಯಾಗಿ ಮಾತ್ರ ಬರುತ್ತದೆ. ಬೆರಗು ಮೂಡುವ ಮುನ್ನವೇ ಅದನ್ನು ಚಿವುಟಲಾಗುತ್ತದೆ. ನೋಡಿದವನಿಗೆ ಆ ಆಟವನ್ನು ತಾನು ಮಾಡುವ ಸಾಮರ್ಥ್ಯ ಬರುವುದಿಲ್ಲ. ಮತ್ತೊಬ್ಬನು ಮಾಡಿದಾಗ ಆನಂದಿಸುವ ಸಾಮರ್ಥ್ಯ ಮಾತ್ರ ಕುಂದುತ್ತದೆ. ಇಂದಿನ ಅಂತರ್ಜಾಲದ ಚಿತ್ರಿಕೆಗಳಲ್ಲಿ ಹೆಚ್ಚಿನವು ಇದೇ ಅಚ್ಚಿನಲ್ಲಿ ಎರಕಗೊಂಡಿವೆ.

ಹೀಗೆಂದು ಗುಟ್ಟು ಕಾಯುವವರೆಲ್ಲ ಶುದ್ಧರು ಎಂದಲ್ಲ. 1905ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ‘ಮ್ಯಾಜಿಕ್ ಸರ್ಕಲ್’ ಸಂಘವು ತನ್ನ ಮೊದಲ ಅಧ್ಯಕ್ಷನಾಗಿದ್ದ ಡೇವಿಡ್ ಡೆವಂಟ್‌ನನ್ನು, ನಿಯತಕಾಲಿಕೆಯೊಂದರಲ್ಲಿ ಚಮತ್ಕಾರಗಳ ಗುಟ್ಟು ಬರೆದನೆಂಬ ಕಾರಣಕ್ಕೆ 1936ರಲ್ಲಿ ಹೊರಹಾಕಿತು. ವಿದ್ಯೆಗೆ ಜೀವಮಾನವನ್ನೇ ತೆತ್ತು, ರೋಗದಿಂದ ರಂಗ ಬಿಟ್ಟಿದ್ದ ಕಲಾವಿದನನ್ನೂ ಜಾಹೀರಾತಿನವರನ್ನೂ ಒಂದೇ ಕೋಲಿನಿಂದ ಅಳೆದರೆ ಅದು ನ್ಯಾಯವೆನಿಸದು. ನಿಯಮಕ್ಕೆ ಕಣ್ಣಿಲ್ಲದಿದ್ದಾಗ ಗುಟ್ಟು ಕಾಯುವುದೂ ಕ್ರೌರ್ಯಕ್ಕೆ ಸಮೀಪವಾಗುತ್ತದೆ.

ಅತಿಚಾರಗಳ ಬೆಳಕಿನಲ್ಲಿ

ಮತ್ತೊಬ್ಬರ ರಹಸ್ಯವನ್ನು ಪ್ರಕಟಪಡಿಸುವ ಪ್ರಶ್ನೆ ಜೈನ ಆಚಾರಗ್ರಂಥಗಳಿಗೆ ಹೊಸತಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಎರಡು ನೇರವಾಗಿ ರಹಸ್ಯಕ್ಕೆ ಸಂಬಂಧಿಸಿವೆ: ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದ. ಉಳಿದ ಮೂರು ಮಿಥ್ಯೋಪದೇಶ, ಕೂಟಲೇಖಕ್ರಿಯೆ, ನ್ಯಾಸಾಪಹಾರ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಹಸ್ಯವನ್ನು ಹೊರಗೆಡಹುವವನು ಸುಳ್ಳು ಹೇಳುತ್ತಿಲ್ಲ, ಇದ್ದುದನ್ನೇ ಹೇಳುತ್ತಿದ್ದಾನೆ. ಆದರೂ ಅದನ್ನು ಸತ್ಯವ್ರತದ ದೋಷವೆಂದು ಎಣಿಸಲಾಗಿದೆ. ‘ನಿಜ ಹೇಳಿದರೆ ತಪ್ಪೇನು’ ಎಂಬ ಅಂತರ್ಜಾಲದ ವಾದಕ್ಕೆ ಶತಮಾನಗಳ ಹಿಂದೆಯೇ ಉತ್ತರ ಸಿದ್ಧವಾಗಿತ್ತೆಂದು ಇದರಿಂದ ತಿಳಿಯುತ್ತದೆ. ನುಡಿದದ್ದು ಯಥಾರ್ಥವಾಗಿದ್ದರೆ ಸಾಲದು. ನುಡಿಯುವವನ ಭಾವವೂ ಕೇಳುವವರ ಮೇಲಾಗುವ ಪರಿಣಾಮವೂ ಶುದ್ಧವಾಗಿರಬೇಕು.

ಕರ್ನಾಟಕಕ್ಕೆ ಸೇರಿದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸಾಕಾರಮಂತ್ರಭೇದವನ್ನು ವಿವರಿಸುವ ಬಗೆ ಪ್ರಸ್ತುತ ವಿಷಯಕ್ಕೆ ಅಚ್ಚರಿಯೆನಿಸುವಷ್ಟು ಹೊಂದುತ್ತದೆ. ಒಬ್ಬನ ಮೈಯ ಚಲನೆ, ಹುಬ್ಬಿನ ಕೊಂಕು ಮುಂತಾದ ಕುರುಹುಗಳಿಂದ ಅವನ ಒಳಗಿನ ಅಭಿಪ್ರಾಯವನ್ನು ಅರಿತು ಹೊರಗೆಡಹುವುದನ್ನು ಅವರು ದೋಷವೆನ್ನುತ್ತಾರೆ. ಅದಕ್ಕೆ ನಿಮಿತ್ತವಾಗಿ ಅಸೂಯೆ ಮೊದಲಾದ ಭಾವಗಳನ್ನು ಸೇರಿಸಿ ಹೇಳುತ್ತಾರೆ. ಜಾದೂಗಾರನ ಬೆರಳನ್ನು, ತೋಳನ್ನು, ಕಣ್ಣೋಟವನ್ನು ನಿಧಾನಗತಿಯಲ್ಲಿ ಓಡಿಸಿ, ಅವನ ಒಳಗುಟ್ಟನ್ನು ಹಿಡಿದು, ಅವನಿಗಿಂತ ತಾನು ಜಾಣನೆಂದು ತೋರಿಸಿಕೊಳ್ಳುವವನ ಚಿತ್ರ ಇದಕ್ಕಿಂತ ಸ್ಪಷ್ಟವಾಗಿ ಮೂಡಲಾರದು. ಆಚಾರ್ಯರ ಲಕ್ಷ್ಯದಲ್ಲಿದ್ದುದು ಮನುಷ್ಯರ ಪರಸ್ಪರ ಮಂತ್ರಾಲೋಚನೆ. ರಂಗದ ಆಟ ಅಲ್ಲಿಯ ವಿಷಯವಲ್ಲ. ಆದರೆ ಅವರು ತೋರಿಸಿಕೊಟ್ಟ ಅಳತೆಗೋಲು ಇಲ್ಲಿಯೂ ಸಲ್ಲುತ್ತದೆ.

ಅದೇ ಪಟ್ಟಿಯ ನ್ಯಾಸಾಪಹಾರವೂ ವಿಚಾರಣೀಯ. ಇಟ್ಟ ಠೇವಣಿಯ ಮೊತ್ತ ಮರೆತವನು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಒಪ್ಪಿಕೊಂಡು ಕೊಡುವುದು ಅದರ ಉದಾಹರಣೆ. ಸಹಾಯಕನಾಗಿ ದುಡಿದವನು, ಶಿಷ್ಯನಾಗಿ ಕಲಿತವನು, ಹಣ ತೆತ್ತು ಒಂದು ಆಟವನ್ನು ಕೊಂಡವನು – ಇವರ ಕೈಯಲ್ಲಿರುವ ಗುಟ್ಟು ಠೇವಣಿಗೆ ಸಮಾನ. ಅದನ್ನು ಬೀದಿಗೆ ಹಾಕಿದಾಗ ಠೇವಣಿ ಇಟ್ಟವನು ಎದುರಿಗಿಲ್ಲದಿರಬಹುದು, ಕೇಳದೆಯೂ ಇರಬಹುದು. ಅವನು ಕೇಳಲಿಲ್ಲವೆಂಬುದರಿಂದ ಸಾಲ ತೀರಿದಂತಾಗುವುದಿಲ್ಲ.

ಇನ್ನು ಮಿಥ್ಯೋಪದೇಶ. ಇದು ತಕ್ಕಡಿಯ ಇನ್ನೊಂದು ತಟ್ಟೆ. ‘ಇದು ಕೈಚಳಕ’ ಎಂದು ಒಪ್ಪಿಕೊಂಡು ಆಡುವವನ ಗುಟ್ಟು ಬೇರೆ. ಅದೇ ಕೈಚಳಕವನ್ನು ದೈವಶಕ್ತಿಯೆಂದು ಬೋಧಿಸಿ ಜನರನ್ನು ಅಡ್ಡದಾರಿಗೆ ಎಳೆಯುವವನ ಗುಟ್ಟು ಬೇರೆ. ಎರಡನೆಯವನು ಪ್ರೇಕ್ಷಕನೊಡನೆ ಯಾವ ಕರಾರನ್ನೂ ಮಾಡಿಕೊಂಡಿಲ್ಲ. ಅವನ ಮುಂದೆ ಕುಳಿತವನು ಕಣ್ಣು ಕಟ್ಟಿಸಿಕೊಳ್ಳಲು ಒಪ್ಪಿದವನೂ ಅಲ್ಲ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿ ರಚಿಸಿದರು. ಕರ್ನಾಟಕದ ಊರೂರುಗಳಲ್ಲಿ ಕಾರ್ಯಕರ್ತರು ನಾಲಗೆಯ ಮೇಲೆ ಕರ್ಪೂರ ಉರಿಸಿ, ಅದರ ಹಿಂದಿನ ಕಾರಣ ವಿವರಿಸುವ ಪ್ರಾತ್ಯಕ್ಷಿಕೆಗಳನ್ನು ನಡೆಸಿದ್ದಾರೆ. ಅಮಾನವೀಯ ದುಷ್ಟಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು 2017ರಲ್ಲಿ ರಾಜ್ಯದ ಶಾಸನವೇ ಬಂದಿತು. ಇವೆಲ್ಲ ಸ್ಕಾಟ್‌ನ ಸಾಲಿಗೆ ಸೇರಿದ ಕಾರ್ಯಗಳು. ಇಲ್ಲಿ ಗುಟ್ಟು ಮುಚ್ಚಿಡುವುದೇ ದೋಷ. ಅಂತರ್ಜಾಲದ ರಹಸ್ಯಭೇದಕರು ಆಗಾಗ ಈ ಸಾಲಿನ ಗೌರವವನ್ನು ತಮಗೂ ಹಚ್ಚಿಕೊಳ್ಳುತ್ತಾರೆ. ಆದರೆ ಅವರು ಬಯಲಿಗೆಳೆಯುವುದು ಬಹುಮಟ್ಟಿಗೆ ‘ಇದು ಆಟ’ ಎಂದು ಹೇಳಿಯೇ ಆಡಿದವನನ್ನು.

ಗುಲಾಬಿಯ ನೆರಳು

ಅಂತರ್ಜಾಲದ ಕಾಲದ ಒಂದು ವ್ಯಾಜ್ಯ ಈ ವಿವೇಚನೆಗೆ ಒಳ್ಳೆಯ ನಿದರ್ಶನ. ಅಮೆರಿಕದ ಟೆಲ್ಲರ್ ಎಂಬ ಜಾದೂಗಾರನು ‘ಶ್ಯಾಡೋಸ್’ ಎಂಬ ಮೂಕಪ್ರದರ್ಶನವನ್ನು ದಶಕಗಳ ಕಾಲ ರಂಗದ ಮೇಲೆ ನಡೆಸಿಕೊಂಡು ಬಂದವನು. ಹೂದಾನಿಯಲ್ಲಿ ಒಂದು ಗುಲಾಬಿ. ದೀಪದ ಬೆಳಕಿಗೆ ಅದರ ನೆರಳು ಹಿಂದಿನ ತೆರೆಯ ಮೇಲೆ ಬೀಳುತ್ತದೆ. ಕಲಾವಿದನು ಚಾಕು ಹಿಡಿದು ನೆರಳಿನ ಎಸಳನ್ನು ಕೊಯ್ಯುತ್ತಾನೆ. ದೂರದಲ್ಲಿರುವ ನಿಜವಾದ ಹೂವಿನ ಎಸಳು ಉದುರುತ್ತದೆ. ಒಂದು ಮಾತೂ ಇಲ್ಲ. 2012ರಲ್ಲಿ ಯುರೋಪಿನ ಪ್ರದರ್ಶಕನೊಬ್ಬನು ಇದನ್ನೇ ಹೋಲುವ ಆಟವನ್ನು ಯೂಟ್ಯೂಬಿನಲ್ಲಿ ಹಾಕಿ, ಸುಮಾರು 3,000 ಡಾಲರಿಗೆ ಅದರ ಉಪಾಯವನ್ನು ಮಾರುವುದಾಗಿ ಪ್ರಕಟಿಸಿದನು. ಟೆಲ್ಲರ್ ನೆವಾಡದ ಸಂಯುಕ್ತ ನ್ಯಾಯಾಲಯದಲ್ಲಿ ದಾವೆ ಹೂಡಿದನು.

2014ರಲ್ಲಿ ಬಂದ ತೀರ್ಪು ವಿವೇಕಯುತವಾಗಿದೆ. ಜಾದೂ ಉಪಾಯಕ್ಕೆ ಗ್ರಂಥಸ್ವಾಮ್ಯವಿಲ್ಲ. ಆದರೆ ನಾಟಕೀಯ ಕೃತಿಗೆ, ಮೂಕಾಭಿನಯಕ್ಕೆ ಇದೆ. ಟೆಲ್ಲರ್ 1983ರಲ್ಲಿಯೇ ತನ್ನ ಕೃತಿಯನ್ನು ಮೂಕನಾಟಕವಾಗಿ ನೋಂದಾಯಿಸಿದ್ದನು. ಉಲ್ಲಂಘನೆ ನಡೆದಿದೆಯೆಂದು ನ್ಯಾಯಾಲಯ ಹೇಳಿತು. ಗೋಲ್ಡಿನ್ ಉಪಾಯವನ್ನು ಕಾಯಹೋಗಿ ಸೋತನು. ಟೆಲ್ಲರ್ ಉಪಾಯವನ್ನು ಬಿಟ್ಟು ಕೃತಿಯನ್ನು ಕಾಯ್ದು ಗೆದ್ದನು. ಇದೇ ಟೆಲ್ಲರ್ ತನ್ನ ಜೊತೆಗಾರ ಪೆನ್ ಜಿಲೆಟ್‌ನೊಡನೆ, ಪುರಾತನವಾದ ಬಟ್ಟಲು-ಚೆಂಡಿನಾಟವನ್ನು ಪಾರದರ್ಶಕ ಬಟ್ಟಲುಗಳಲ್ಲಿ ಆಡಿ ತೋರಿಸಿದವನು ಎಂಬುದನ್ನೂ ನೆನೆಯಬೇಕು. ಚೆಂಡು ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ ಎಲ್ಲವೂ ಕಾಣಿಸುತ್ತದೆ. ಆದರೂ ಕೈಗಳ ವೇಗಕ್ಕೆ ಕಣ್ಣು ಸೋಲುತ್ತದೆ, ಗುಟ್ಟು ತಿಳಿದ ಮೇಲೆ ಗೌರವ ಹೆಚ್ಚುತ್ತದೆ. ಗುಟ್ಟು ಬಿಚ್ಚುವುದೂ ಕಲೆಯಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ತನ್ನ ಶ್ರಮದ ಗುಟ್ಟನ್ನು ತಾನೇ ಬಿಚ್ಚುವವನಿಗೂ ಪರರ ಗುಟ್ಟಿಗೆ ಬೆಲೆಚೀಟಿ ಅಂಟಿಸುವವನಿಗೂ ಇರುವ ದೂರ ಇಲ್ಲಿ ಎದ್ದು ಕಾಣುತ್ತದೆ.

ನಷ್ಟ ಯಾರ ಲೆಕ್ಕಕ್ಕೆ?

ಹೆಸರಾಂತ ಕಲಾವಿದನಿಗೆ ನ್ಯಾಯವಾದಿ ದೊರೆಯುತ್ತಾನೆ. ಒಂದು ಗುಟ್ಟು ಹೋದರೆ ಇನ್ನೊಂದನ್ನು ರೂಪಿಸಲು ಕಾರ್ಯಾಗಾರವೂ ಹಣವೂ ಇರುತ್ತವೆ. ಒಂದೆರಡು ಹೊಸ ಆಟಗಳನ್ನು ರೂಪಿಸಿ, ಅವುಗಳ ಸಲಕರಣೆಯನ್ನು ಮಾರಿ ಬದುಕುವ ಸಣ್ಣ ಸೃಷ್ಟಿಕಾರನಿಗೆ ಆ ಸೌಕರ್ಯವಿಲ್ಲ. ಅವನ ಆಟ ಪೇಟೆಗೆ ಬಂದ ವಾರದೊಳಗೆ ಅದರ ಗುಟ್ಟು ಪುಕ್ಕಟೆಯಾಗಿ ಹರಿದಾಡಿದರೆ, ಅಗ್ಗದ ನಕಲು ಅಂಗಡಿಗೆ ಬಂದರೆ, ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆ.

ಎಲ್ಲರಿಗಿಂತ ಕೆಳಗಿರುವವನು ಬೀದಿಯ ಜಾದೂಗಾರ. ಮೂರು ಬಟ್ಟಲು, ಕೆಲವು ಚೆಂಡು, ಒಂದು ಬುಟ್ಟಿ – ತಂದೆಯಿಂದ ಮಗನಿಗೆ ಬಂದ ಹತ್ತಾರು ಆಟಗಳೇ ಅವನ ಆಸ್ತಿ. ಅವನ ಗುಟ್ಟಿಗೆ ಪೇಟೆಂಟಿಲ್ಲ, ನೋಂದಣಿಯಿಲ್ಲ. ಭಾರತದ ಕಾನೂನು ಅವನನ್ನು ಕಂಡ ಬಗೆ ಎರಡು ಮುಖದ್ದು. 1994ರ ತಿದ್ದುಪಡಿಯಿಂದ 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ಸೇರಿದ ‘ಪ್ರದರ್ಶಕ’ ಎಂಬ ಪದದ ವ್ಯಾಖ್ಯೆಯಲ್ಲಿ ನಟ, ಗಾಯಕ, ನರ್ತಕರ ಜೊತೆಗೆ ಜಾದೂಗಾರನೂ ಹಾವಾಡಿಗನೂ ಹೆಸರಿಸಲ್ಪಟ್ಟಿದ್ದಾರೆ. ತನ್ನ ಪ್ರದರ್ಶನವನ್ನು ಚಿತ್ರೀಕರಿಸಲು ಅನುಮತಿ ಕೊಡುವ ಅಥವಾ ನಿರಾಕರಿಸುವ ಹಕ್ಕು ಅವನಿಗಿದೆ. ಇನ್ನೊಂದೆಡೆ, 1959ರ ಮುಂಬಯಿ ಭಿಕ್ಷಾಟನೆ ತಡೆ ಅಧಿನಿಯಮವು ಹಾಡುವುದು, ಕುಣಿಯುವುದು, ಆಟ ಪ್ರದರ್ಶಿಸುವುದು ಇವುಗಳನ್ನು ಭಿಕ್ಷೆಯ ನೆಪಗಳ ಪಟ್ಟಿಗೆ ಸೇರಿಸಿತು. ದೆಹಲಿಗೆ ಅನ್ವಯಿಸಿದ್ದ ಆ ಕಾನೂನಿನ ಅನೇಕ ವಿಧಿಗಳನ್ನು ದೆಹಲಿ ಉಚ್ಚ ನ್ಯಾಯಾಲಯ 2018ರಲ್ಲಿ ಅಸಾಂವಿಧಾನಿಕವೆಂದು ರದ್ದುಪಡಿಸಬೇಕಾಯಿತು. ಒಂದು ಪುಸ್ತಕದಲ್ಲಿ ಕಲಾವಿದ, ಇನ್ನೊಂದರಲ್ಲಿ ಭಿಕ್ಷುಕ!

ಬೀದಿಯ ಜಾದೂವಿನ ಅವನತಿಗೆ ಗುಟ್ಟು ಬಯಲು ಮಾಡುವವರೊಬ್ಬರೇ ಕಾರಣರೆಂದರೆ ಅದು ಅತ್ಯುಕ್ತಿ. ಆದರೆ ಬೇರೆ ಕಾರಣಗಳಿಂದ ಈಗಾಗಲೇ ಬಾಗಿದ ಬೆನ್ನಿನ ಮೇಲೆ ಇನ್ನೊಂದು ಹೊರೆ ಇಡುವಾಗ ಕೈ ನಡುಗಬೇಕು. ದಾರಿಯಲ್ಲಿ ನಿಂತು ಅವನ ಆಟವನ್ನು ಪುಕ್ಕಟೆಯಾಗಿ ಚಿತ್ರೀಕರಿಸಿ, ಗುಟ್ಟನ್ನು ಬಿಡಿಸಿ, ಜಾಹೀರಾತಿನ ಹಣ ಗಳಿಸುವವನು ಆ ಗಳಿಕೆಯನ್ನು ಯಾವ ಖಾತೆಗೆ ಬರೆದುಕೊಳ್ಳುತ್ತಾನೆ? ಅವನ ಜಮೆಯ ಕಡೆಯಲ್ಲಿ ಬಿದ್ದ ಮೊತ್ತಕ್ಕೆ ಸರಿಯಾದ ಖರ್ಚು ಮತ್ತೊಬ್ಬನ ಪುಸ್ತಕದಲ್ಲಿ ಬಿದ್ದಿರುತ್ತದೆ.

ತೂಗಿ ನೋಡಿದ ಮೇಲೆ

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಗುಟ್ಟು ಬಯಲಾದಮಾತ್ರಕ್ಕೆ ಇಂದ್ರಜಾಲ ವಿದ್ಯೆ ಕೆಡುವುದಿಲ್ಲ. ಸ್ಕಾಟ್‌ನಿಂದ ಸರ್ಕಾರ್ ಅವರವರೆಗಿನ ಚರಿತ್ರೆ ಅದಕ್ಕೆ ಪ್ರಮಾಣ. ಆದರೆ ಮನುಷ್ಯರಿಗೆ ಹಾನಿಯಾಗುತ್ತದೆ, ಅದೂ ಹಾನಿಯನ್ನು ತಾಳಿಕೊಳ್ಳಲಾರದವರಿಗೆ ಮೊದಲು. ಆದ್ದರಿಂದ ಯಾವುದೇ ರಹಸ್ಯಭೇದನವನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕು. ಗುಟ್ಟು ಯಾರ ಶ್ರಮದಿಂದ ಹುಟ್ಟಿದ್ದು? ಮುಚ್ಚಿಟ್ಟರೆ ಯಾರಾದರೂ ಮೋಸಹೋಗುತ್ತಾರೆಯೇ? ಬಿಚ್ಚುವವನ ಮನಸ್ಸಿನಲ್ಲಿರುವುದು ಕರುಣೆಯೇ, ಕಲಿಸುವ ಹಂಬಲವೇ, ಅಥವಾ ಲೋಭ, ಅಸೂಯೆಗಳೇ? ಮೂರನೆಯದಕ್ಕೆ ಹೊರಗಿನವರು ಉತ್ತರ ಹೇಳಲಾರರು. ಅದು ಅವರವರ ಪ್ರತಿಕ್ರಮಣಕ್ಕೆ ಬಿಟ್ಟದ್ದು.

ಮನೆಗಳಲ್ಲಿ ಇದರ ಉಪಯೋಗ ಸಣ್ಣದೆನಿಸಿದರೂ ನಿಜವಾದದ್ದು. ಜಾದೂ ನೋಡಿ ಬಂದ ಮಗು ‘ಅದು ಹೇಗಾಯಿತು?’ ಎಂದು ಕೇಳಿದಾಗ ಕೂಡಲೇ ಮೊಬೈಲಿನಲ್ಲಿ ಉತ್ತರ ಹುಡುಕಿಕೊಡುವುದು ಸುಲಭ. ‘ನೀನೇ ಯೋಚಿಸಿ ನೋಡು’ ಎಂದು ಒಂದು ದಿನ ಬಿಟ್ಟರೆ ಮಗುವಿನ ಬುದ್ಧಿ ಕೆಲಸ ಮಾಡುತ್ತದೆ. ಅದಕ್ಕೂ ಮೀರಿ ಆಸಕ್ತಿ ಉಳಿದರೆ ಒಂದು ಪುಸ್ತಕ ಕೊಡಿಸಬಹುದು, ಬಲ್ಲವರಲ್ಲಿಗೆ ಕಳುಹಿಸಬಹುದು. ಆಗ ಗುಟ್ಟು ವಿದ್ಯೆಯಾಗಿ ಬರುತ್ತದೆ. ಇನ್ನು ಬಸದಿಗಳ ಆಡಳಿತ ಮಂಡಳಿಗಳು ಜಯಂತಿ, ವಾರ್ಷಿಕೋತ್ಸವಗಳಲ್ಲಿ ಮಕ್ಕಳಿಗಾಗಿ ಜಾದೂ ಪ್ರದರ್ಶನ ಏರ್ಪಡಿಸುವುದಾದರೆ, ಚಿತ್ರೀಕರಣಕ್ಕೆ ಕಲಾವಿದನ ಒಪ್ಪಿಗೆ ಇದೆಯೇ ಎಂದು ಮೊದಲೇ ಕೇಳಿ ಸಭೆಗೆ ತಿಳಿಸುವುದು, ನಿಗದಿಯಾದ ಸಂಭಾವನೆಯನ್ನು ಅಂದೇ ಸಲ್ಲಿಸುವುದು ಕಷ್ಟವೇನಲ್ಲ. ಕಾನೂನೂ ಅದನ್ನೇ ಹೇಳುತ್ತದೆ, ವ್ರತವೂ ಅದನ್ನೇ ಹೇಳುತ್ತದೆ.

ಬೀದಿಯ ಜಾದೂಗಾರನು ಆಟ ಮುಗಿಸಿ ಬಟ್ಟೆ ಹಾಸಿದಾಗ, ಅವನ ಬಟ್ಟಲಿನ ಅಡಿಯಲ್ಲಿ ಚೆಂಡು ಹೇಗೆ ಬಂದಿತೆಂದು ಬಲ್ಲವನೂ ಆ ಗುಂಪಿನಲ್ಲಿ ಒಬ್ಬನಿರಬಹುದು. ಅವನು ಕೂಗಿ ಹೇಳದೆ, ಎಲ್ಲರಂತೆ ಒಂದು ನಾಣ್ಯ ಹಾಕಿ ಮುಂದೆ ನಡೆದರೆ ಸತ್ಯಕ್ಕೆ ಯಾವ ಲೋಪವೂ ಆಗುವುದಿಲ್ಲ.